ಪೇಪರ್ಸ್ ಇಲ್ಲದ ಮಕ್ಕಳಿಗೆ ಅಮೆರಿಕದಲ್ಲಿ ಫೀ ಇಲ್ಲದ ಕಾಲೇಜು: ಯಾವ ದಾರಿ ಯಾರಿಗೆ?

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ 12ನೇ ಕ್ಲಾಸಿನ ತನಕ ಮಗುವಿನ ವೀಸಾ ಕೇಳಿ ಸೇರಿಸಿಕೊಳ್ಳುವ ಪದ್ಧತಿ ಇಲ್ಲ. ಪೇಪರ್ಸ್ ಇಲ್ಲ ಅನ್ನುವ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಪ್ಲೈಲರ್ ವರ್ಸಸ್ ಡೋ ಕೇಸಿನಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಎಷ್ಟೋ ಮಕ್ಕಳಿಗೆ ತಮ್ಮ ಪರಿಸ್ಥಿತಿ ಸರಿಯಾಗಿ ಗೊತ್ತಾಗುವುದೇ ಕಾಲೇಜಿನ ಅರ್ಜಿ ತುಂಬುವಾಗ. ಜೊತೆಯವರೆಲ್ಲ ಫಾಫ್ಸಾ, ಅಂದರೆ ಕೇಂದ್ರ ಸರ್ಕಾರದ ಓದಿನ ನೆರವಿನ ಅರ್ಜಿ, ತುಂಬುತ್ತಿರುತ್ತಾರೆ. ಇವರ ಹತ್ತಿರ ಸೋಶಿಯಲ್ ಸೆಕ್ಯುರಿಟಿ ನಂಬರೇ ಇರುವುದಿಲ್ಲ.

ಇಲ್ಲಿಂದ ಮುಂದೆ ಕೇಂದ್ರ ಸರ್ಕಾರದ ದುಡ್ಡು ಸಿಗುವುದಿಲ್ಲ. ಪೆಲ್ ಗ್ರ್ಯಾಂಟ್ (ಕಡಿಮೆ ವರಮಾನದವರಿಗೆ ಕೊಡುವ, ವಾಪಸ್ ಕಟ್ಟಬೇಕಿಲ್ಲದ ದುಡ್ಡು) ಇಲ್ಲ, ಫೆಡರಲ್ ಅಂದರೆ ಕೇಂದ್ರದ ಸಾಲ ಇಲ್ಲ, ವರ್ಕ್-ಸ್ಟಡಿ (ಓದುತ್ತಾ ಮಾಡುವ ಸಂಬಳದ ಕೆಲಸ) ಇಲ್ಲ. ಡಾಕಾ, ಅಂದರೆ ಚಿಕ್ಕಂದಿನಲ್ಲಿ ಬಂದವರನ್ನು ಗಡೀಪಾರು ಮಾಡದೆ ಕೆಲಸದ ಪರ್ಮಿಟ್ ಕೊಡುವ ಯೋಜನೆ, ಇದ್ದವರಿಗೂ ಅಷ್ಟೇ. ಅದೂ ಅಲ್ಲದೆ ಈಗ ಹೈಸ್ಕೂಲ್ ಮುಗಿಸುತ್ತಿರುವವರಲ್ಲಿ ಡಾಕಾ ಇರುವವರು ಇಲ್ಲವೇ ಇಲ್ಲ ಅನ್ನಬಹುದು. 2012ರಲ್ಲಿ ಶುರುವಾದ ಆ ಯೋಜನೆಗೆ 2007ರ ಜೂನ್ 15ರಿಂದಲೂ ಅಮೆರಿಕದಲ್ಲೇ ಇದ್ದಿರಬೇಕು. ಈಗ 12ನೇ ಕ್ಲಾಸಿನಲ್ಲಿರುವ ಮಕ್ಕಳು ಹುಟ್ಟಿದ್ದೇ ಹೆಚ್ಚುಕಡಿಮೆ ಆ ತಾರೀಖಿನ ನಂತರ. 2021ರ ಕೋರ್ಟ್ ಆದೇಶದ ನಂತರ ಹೊಸ ಅರ್ಜಿಗಳು ಹಾಗೇ ನಿಂತಿವೆ, ಹಳಬರದ್ದು ಮಾತ್ರ ರಿನ್ಯೂ ಆಗುತ್ತಿದೆ. "ಹೊಸದಾಗಿ ಡಾಕಾ ಮಾಡಿಸಿಕೊಡ್ತೀವಿ, ಇಷ್ಟು ಕೊಡಿ" ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಉಳಿಯುವುದು ರಾಜ್ಯ ಸರ್ಕಾರದ ದುಡ್ಡು, ಕಾಲೇಜಿನ ಸ್ವಂತ ದುಡ್ಡು, ಆಮೇಲೆ ಖಾಸಗಿ ಸ್ಕಾಲರ್‌ಶಿಪ್. ಇವುಗಳನ್ನು ಹೋಲಿಸುವಾಗ ಎರಡು ಪ್ರಶ್ನೆ ಕೈಯಲ್ಲಿಟ್ಟುಕೊಂಡರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಫೀ ಮಾಫಿ ಆದ ಮೇಲೆ ಊಟ, ಬಾಡಿಗೆ, ಪುಸ್ತಕದ ದುಡ್ಡು ಎಲ್ಲಿಂದ ಬರುತ್ತದೆ? ಈ ಮಾಫಿ ಯಾರ ಕೈಯಲ್ಲಿದೆ, ಓದು ಮುಗಿಯುವ ತನಕ ಉಳಿಯುತ್ತಾ? ಕಾಲೇಜಿನ ಹೆಸರು, ರ‍್ಯಾಂಕಿಂಗ್ ಎಲ್ಲ ಇದರ ನಂತರ.

ಅರ್ಜಿಯ ಒಂದು ಚೌಕದ ಬಗ್ಗೆ

ಹೋಲಿಕೆಗೆ ಮುಂಚೆ ಇದನ್ನು ಹೇಳಲೇಬೇಕು. ಯಾವ ಅರ್ಜಿಯಲ್ಲೂ, ಯಾವ ಕಾರಣಕ್ಕೂ "ಯು.ಎಸ್. ಸಿಟಿಜನ್" ಅನ್ನುವ ಚೌಕಕ್ಕೆ ಟಿಕ್ ಹಾಕಬೇಡಿ. ನಾಗರಿಕ ಅಂತ ಸುಳ್ಳು ಹೇಳಿದ್ದು ದಾಖಲೆಯಲ್ಲಿ ಉಳಿದರೆ ಮುಂದೆ ಮದುವೆಯಿಂದಲೋ ಬೇರೆ ದಾರಿಯಿಂದಲೋ ಗ್ರೀನ್ ಕಾರ್ಡ್ ಸಿಗುವ ಅವಕಾಶ ಬಂದಾಗ ಅದೇ ಅಡ್ಡ ಬರುತ್ತದೆ. ಈ ತಪ್ಪಿಗೆ ಕಾನೂನಿನಲ್ಲಿ ಮಾಫಿ ಇಲ್ಲ ಅನ್ನುವಷ್ಟು ಕಡಿಮೆ. ಕಾಲೇಜಿಗೆ ಸೇರುವಾಗ, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿಯ ಚೌಕವೂ ಸುಮ್ನೆ ಮಧ್ಯದಲ್ಲಿ ಬಂದುಬಿಡುತ್ತದೆ. ಅದನ್ನೂ ಖಾಲಿ ಬಿಡಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳಿದ ಕಡೆ ಇಲ್ಲದಿದ್ದರೆ ಬರೆಯಬೇಡಿ, ಇನ್ನೊಬ್ಬರದ್ದಂತೂ ಬೇಡವೇ ಬೇಡ. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್ ಅರ್ಜಿ ಇರಲಿ, ನೆರವಿಗಾಗಿ ಖಾಸಗಿ ಕಾಲೇಜುಗಳು ಕೇಳುವ ಸಿಎಸ್ಎಸ್ ಪ್ರೊಫೈಲ್ ಇರಲಿ, ನಂಬರ್ ಇಲ್ಲದೆಯೇ ಮುಂದೆ ಹೋಗುತ್ತವೆ.

"ಟ್ಯೂಷನ್ ಫ್ರೀ" ಪಟ್ಟಿಗಳು

ಹುಡುಕಿದರೆ ಮೊದಲು ಸಿಗುವುದು ಒಂದೇ ಬಗೆಯ ಪಟ್ಟಿ. ಅದರಲ್ಲಿ ಅರ್ಧ ಈ ಮಕ್ಕಳಿಗೆ ಉಪಯೋಗಕ್ಕೆ ಬರುವುದಿಲ್ಲ. ವೆಸ್ಟ್ ಪಾಯಿಂಟ್, ಅನಾಪೊಲಿಸ್ ತರಹದ ಸೇನಾ ಅಕಾಡೆಮಿಗಳು ಫೀ ತಗೊಳ್ಳುವುದಿಲ್ಲ, ಆದರೆ ಅಮೆರಿಕದ ನಾಗರಿಕರಾಗಿರಬೇಕು. ನ್ಯೂಯಾರ್ಕಿನ ವೆಬ್ ಇನ್‌ಸ್ಟಿಟ್ಯೂಟ್ ಹಡಗು ಕಟ್ಟುವ ಇಂಜಿನಿಯರಿಂಗಿಗೆ ಹೆಸರಾದದ್ದು. ಅಲ್ಲಿ ಪೂರ್ತಿ ಫೀ ಮಾಫಿ ಇರುವುದು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ.

ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟ್ 1928ರಿಂದ ಯಾರಿಂದಲೂ ಟ್ಯೂಷನ್ ಫೀ ತಗೊಂಡಿಲ್ಲ. ಆದರೆ ಅದು ಸಂಗೀತದಲ್ಲಿ ಅಸಾಧಾರಣ ಮಟ್ಟ ಮುಟ್ಟಿದವರ ಜಾಗ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೀಪ್ ಸ್ಪ್ರಿಂಗ್ಸ್‌ನಲ್ಲಿ ಓದು, ಊಟ, ವಸತಿ ಮೂರೂ ಫ್ರೀ. ದನ ಕಾಯುವುದರಿಂದ ಅಡುಗೆ ತನಕ ಕ್ಯಾಂಪಸ್ಸಿನ ಕೆಲಸ ಹುಡುಗರು ಹುಡುಗಿಯರೇ ಮಾಡಬೇಕು. ಇರುವುದು ಎರಡು ವರ್ಷದ ಓದು, ಸೀಟು ಕೆಲವೇ ಕೆಲವು. ಪ್ರಯತ್ನ ಮಾಡಿ ಅನ್ನುತ್ತೇನೆ, ನೆಚ್ಚಿಕೊಂಡು ಕೂರಬೇಡಿ.

ಕೆಂಟಕಿಯ ಬೆರಿಯಾ ಕಾಲೇಜು ಸ್ವಲ್ಪ ಬೇರೆ. 1892ರಿಂದ ಅಲ್ಲಿ ಟ್ಯೂಷನ್ ಫೀ ಇಲ್ಲ. ಕಡಿಮೆ ವರಮಾನದ ಮನೆಯ ಮಕ್ಕಳಿಗಾಗಿಯೇ ಇರುವ ಕಾಲೇಜು, ಒಳ್ಳೆಯ ಹೆಸರೂ ಇದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಬೇಕು. ದುಡಿಮೆ ಓದಿನ ಭಾಗವಾಗಿರುವ ಇಂಥ ಯಾವ ಕಾಲೇಜಾದರೂ ಮೊದಲ ಮೇಲ್‌ನಲ್ಲೇ ಒಂದು ಪ್ರಶ್ನೆ ಕೇಳಿ: ವರ್ಕ್ ಪರ್ಮಿಟ್ ಇಲ್ಲದ ವಿದ್ಯಾರ್ಥಿಗೆ ಆ ಕೆಲಸದ ಬದಲು ಏನು ವ್ಯವಸ್ಥೆ ಮಾಡುತ್ತೀರಿ? ಸ್ಪಷ್ಟ ಉತ್ತರ ಬಂದ ಮೇಲೆ ಅರ್ಜಿ ಹಾಕಿ.

ಆನ್‌ಲೈನಿನ ಯೂನಿವರ್ಸಿಟಿ ಆಫ್ ದಿ ಪೀಪಲ್‌ನಲ್ಲಿ ಯಾವ ದೇಶದವರು, ಯಾವ ವೀಸಾ ಅಂತ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಪಾಠಕ್ಕೆ ದುಡ್ಡಿಲ್ಲ, ಆದರೆ ಅರ್ಜಿಗೆ ಮತ್ತು ಒಂದೊಂದು ಕೋರ್ಸಿನ ಪರೀಕ್ಷೆಗೆ ಫೀ ಇದೆ. ಮಕ್ಕಳಿರುವವರು, ಎರಡು ಕೆಲಸ ಮಾಡಿ ಸಂಜೆ ಓದುವವರು ಇದನ್ನು ಗಂಭೀರವಾಗಿ ನೋಡಬಹುದು. ಆಗ ತಾನೇ ಹೈಸ್ಕೂಲ್ ಮುಗಿಸಿದ 18 ವರ್ಷದ ಮಗುವಿಗೆ ಇದು ಮೊದಲ ಆಯ್ಕೆ ಆಗಬಾರದು. ಆ ವಯಸ್ಸಿಗೆ ಕ್ಯಾಂಪಸ್, ಪ್ರೊಫೆಸರು, ಕೌನ್ಸಿಲರ್ ಬೇಕು.

ಅಸಲಿ ಆಯ್ಕೆ ರಾಜ್ಯದ್ದು

ಹೆಚ್ಚಿನ ಮಕ್ಕಳಿಗೆ ಫೀ ಇಲ್ಲದ ಓದು ಸಿಗುವುದು ತಾವು ಹೈಸ್ಕೂಲ್ ಓದಿದ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ. ಕಾರಣ ಇದೆ. ಬರೀ "ಈ ರಾಜ್ಯದಲ್ಲಿ ವಾಸ ಇದ್ದಾರೆ" ಅನ್ನುವ ಆಧಾರದ ಮೇಲೆ ಪೇಪರ್ಸ್ ಇಲ್ಲದವರಿಗೆ ಇನ್-ಸ್ಟೇಟ್ ಫೀ (ಆ ರಾಜ್ಯದವರಿಗಿರುವ ಕಡಿಮೆ ಫೀ) ಕೊಡಬೇಡಿ ಅಂತ 1996ರ ಫೆಡರಲ್ ಕಾನೂನು ಹೇಳುತ್ತದೆ. ಅದಕ್ಕೇ ರಾಜ್ಯಗಳು "ಇಲ್ಲಿ ಇಷ್ಟು ವರ್ಷ ಹೈಸ್ಕೂಲ್ ಓದಿ ಪಾಸಾಗಿದ್ದಾರೆ" ಅನ್ನುವ ಆಧಾರ ಇಟ್ಟುಕೊಂಡವು. ಆ ಲೆಕ್ಕದಲ್ಲಿ ಬೇರೆ ರಾಜ್ಯಕ್ಕೆ ಹೋದ ನಾಗರಿಕ ಮಕ್ಕಳೂ ಬರುತ್ತಾರೆ. 12ನೇ ಕ್ಲಾಸಿನ ಮಧ್ಯದಲ್ಲಿ ಮನೆ ಬದಲಾಯಿಸುವ ಯೋಚನೆ ಇದ್ದರೆ ಇದನ್ನು ಮೊದಲು ನೋಡಿ. ಒಂದು ವರ್ಷ ಕಮ್ಮಿ ಬಿದ್ದರೂ ಸಾವಿರಾರು ಡಾಲರ್ ವ್ಯತ್ಯಾಸ ಆಗುತ್ತದೆ.

ಕ್ಯಾಲಿಫೋರ್ನಿಯಾದ್ದು ತೀರಾ ಹಳೆಯವುಗಳಲ್ಲಿ ಒಂದು, ಪೂರ್ತಿ ಬೆಳೆದದ್ದು. 2001ರ ಎಬಿ 540 ಕಾನೂನಿನ ಪ್ರಕಾರ ಮೂರು ವರ್ಷ ಅಲ್ಲಿ ಓದಿ ಹೈಸ್ಕೂಲ್ ಮುಗಿಸಿದವರಿಗೆ ಇನ್-ಸ್ಟೇಟ್ ಫೀ. ಕಾಲೇಜಿಗೆ ಒಂದು ಪ್ರಮಾಣಪತ್ರ ಕೊಡಬೇಕು: ಅವಕಾಶ ಸಿಕ್ಕ ಕೂಡಲೇ ಕಾನೂನುಬದ್ಧ ವಾಸಕ್ಕೆ ಅರ್ಜಿ ಹಾಕುತ್ತೇನೆ ಅಂತ. 2011ರ ಕ್ಯಾಲಿಫೋರ್ನಿಯಾ ಡ್ರೀಮ್ ಆ್ಯಕ್ಟ್ ಬಂದ ಮೇಲೆ ರಾಜ್ಯದ ಗ್ರ್ಯಾಂಟುಗಳೂ ಸಿಗತೊಡಗಿದವು. ತಡವಾಗಿ ಬಂದವರಿಗೂ 2017ರಲ್ಲಿ ಒಂದು ಬಾಗಿಲು ತೆಗೆದರು. ವಯಸ್ಕರ ಅಡಲ್ಟ್ ಸ್ಕೂಲಿನಲ್ಲಿ, ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಅಗ್ಗದ ಸರ್ಕಾರಿ ಕಾಲೇಜು) ಓದಿದ ಸಮಯವನ್ನೂ ಈ ಮೂರು ವರ್ಷದ ಲೆಕ್ಕಕ್ಕೆ ಸೇರಿಸಬಹುದು. 16-17ನೇ ವಯಸ್ಸಿಗೆ ಬಂದ ಮಕ್ಕಳ ಮನೆಯವರು ಇದನ್ನು ಗಮನಿಸಿ.

ಇದು ಬಿಲ್ಲಿನಲ್ಲಿ ಹೇಗೆ ಕಾಣುತ್ತದೆ ನೋಡಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ (ಕೋರ್ಸಿನ ಅಳತೆ, ಬೇರೆ ಕಡೆ ಕ್ರೆಡಿಟ್ ಅನ್ನುತ್ತಾರೆ) 46 ಡಾಲರ್. ಫುಲ್ ಟೈಮ್ ಅಂದರೆ 12 ಯೂನಿಟ್, ಸೆಮಿಸ್ಟರಿಗೆ 552 ಡಾಲರ್. ಎಬಿ 540 ಪ್ರಮಾಣಪತ್ರ ಕೊಡದಿದ್ದರೆ ಇದರ ಮೇಲೆ ಹೊರರಾಜ್ಯದವರ ಫೀ ಬೀಳುತ್ತದೆ. ಅದು ಯೂನಿಟ್‌ಗೆ 300 ಡಾಲರ್ ದಾಟುವ ಕಾಲೇಜುಗಳೇ ಜಾಸ್ತಿ, ಅಂದರೆ ಸೆಮಿಸ್ಟರಿಗೆ 3,600ಕ್ಕೂ ಮೇಲೆ. ಪ್ರಮಾಣಪತ್ರ ಕೊಟ್ಟು, ಡ್ರೀಮ್ ಆ್ಯಕ್ಟ್ ಅರ್ಜಿಯನ್ನೂ ತುಂಬಿದ ಕಡಿಮೆ ವರಮಾನದ ವಿದ್ಯಾರ್ಥಿಗೆ ಕಾಲೇಜ್ ಪ್ರಾಮಿಸ್ ಗ್ರ್ಯಾಂಟ್ ಸಿಕ್ಕಿ ಆ 552 ಕೂಡ ಹೋಗುತ್ತದೆ. ಬಿಲ್ಲಿನ ಕೆಳಗೆ ಹೆಲ್ತ್ ಫೀ, ಪಾರ್ಕಿಂಗ್ ತರಹದ ಸಣ್ಣ ಸಾಲುಗಳು ಮಾತ್ರ ಉಳಿಯುತ್ತವೆ. ಒಂದೇ ಕ್ಲಾಸ್‌ರೂಮು, ಅದೇ ಮೇಷ್ಟ್ರು. ಕಾಗದ ಕೊಟ್ಟಿದ್ದಕ್ಕೂ ಕೊಡದೇ ಇದ್ದದ್ದಕ್ಕೂ ಇಷ್ಟು ಅಂತರ. ಎರಡೂ ಕಾಗದ ಬೇರೆ ಬೇರೆ ಅನ್ನುವುದನ್ನು ಮರೆಯಬೇಡಿ. ಪ್ರಮಾಣಪತ್ರ ಕಾಲೇಜಿಗೆ, ಡ್ರೀಮ್ ಆ್ಯಕ್ಟ್ ಅರ್ಜಿ ರಾಜ್ಯಕ್ಕೆ. ಒಂದು ಕೊಟ್ಟು ಇನ್ನೊಂದು ಬಿಟ್ಟರೆ ಕೆಲಸ ಆಗುವುದಿಲ್ಲ.

ಎರಡು ವರ್ಷ ಅಲ್ಲಿ ಮುಗಿಸಿ ರಾಜ್ಯದ ನಾಲ್ಕು ವರ್ಷದ ಸರ್ಕಾರಿ ಯೂನಿವರ್ಸಿಟಿಗಳಾದ ಕ್ಯಾಲ್ ಸ್ಟೇಟ್‌ಗೋ ಯುಸಿಗೋ ಟ್ರಾನ್ಸ್‌ಫರ್ ಆದಾಗ ರಾಜ್ಯದ ಕ್ಯಾಲ್ ಗ್ರ್ಯಾಂಟ್ ನೆರವಾಗುತ್ತದೆ. ಯುಸಿಯಲ್ಲಿ ಬ್ಲೂ ಆ್ಯಂಡ್ ಗೋಲ್ಡ್ ಪ್ಲಾನ್ ಅಂತ ಇದೆ, ನಿಗದಿತ ವರಮಾನದ ಒಳಗಿರುವ ಮನೆಯ ಮಕ್ಕಳಿಗೆ ಟ್ಯೂಷನ್ ಫೀ ತುಂಬಿಕೊಡುತ್ತದೆ. ಎಬಿ 540 ಮಕ್ಕಳೂ ಅದಕ್ಕೆ ಸೇರುತ್ತಾರೆ. ಕ್ಯಾಲ್ ಗ್ರ್ಯಾಂಟ್ ಬಿ ಸಿಕ್ಕರೆ ಕೈಖರ್ಚಿಗೂ ಸ್ವಲ್ಪ ದುಡ್ಡು ಬರುತ್ತದೆ, ಸಮಾಜಸೇವೆಯ ಗಂಟೆಗಳಿಗೆ ಗ್ರ್ಯಾಂಟ್ ಕೊಡುವ ಯೋಜನೆಯೂ ಇದೆ. ಕೆಲಸ ಮಾಡಲು ಪರ್ಮಿಟ್ ಇಲ್ಲದ ಮಗುವಿಗೆ ಇಂಥ ದುಡ್ಡಿನ ಬೆಲೆ ತುಂಬಾ ದೊಡ್ಡದು. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿದ್ದು. 2019ರ ಕಾನೂನಿನಿಂದಾಗಿ ಅಲ್ಲಿನ ಪ್ರತಿ ಕಮ್ಯುನಿಟಿ ಕಾಲೇಜಿನಲ್ಲೂ ಪ್ರತಿ ಕ್ಯಾಲ್ ಸ್ಟೇಟ್ ಕ್ಯಾಂಪಸ್ಸಿನಲ್ಲೂ ಈ ಮಕ್ಕಳಿಗಾಗಿಯೇ ಒಬ್ಬ ಡ್ರೀಮರ್ ಲಿಯೇಸನ್ (ಸಹಾಯಕ್ಕೆ ನೇಮಿಸಿದ ಸಿಬ್ಬಂದಿ; ಡ್ರೀಮರ್ ಅನ್ನುವುದು ಇಂಥ ಮಕ್ಕಳಿಗಿರುವ ಹೆಸರು) ಇರಬೇಕು. ಯಾರನ್ನು ಕೇಳಬೇಕು ಅಂತ ತಡಕಾಡಬೇಕಾಗಿಲ್ಲ.

ನ್ಯೂಯಾರ್ಕ್ ಇದಕ್ಕೆ ಹತ್ತಿರ ಬರುತ್ತದೆ. 2019ರ ಹೋಸೆ ಪೆರಾಲ್ಟಾ ಡ್ರೀಮ್ ಆ್ಯಕ್ಟ್ ರಾಜ್ಯದ ಟ್ಯಾಪ್ ಗ್ರ್ಯಾಂಟನ್ನೂ ಎಕ್ಸೆಲ್ಸಿಯರ್ ಸ್ಕಾಲರ್‌ಶಿಪ್ಪನ್ನೂ ಈ ಮಕ್ಕಳಿಗೆ ತೆರೆಯಿತು. ಅಲ್ಲಿ ಎರಡು ವರ್ಷ ಹೈಸ್ಕೂಲ್ ಓದಿ ಪಾಸಾಗಿ, ಐದು ವರ್ಷದೊಳಗೆ ಕಾಲೇಜಿಗೆ ಅರ್ಜಿ ಹಾಕಿರಬೇಕು. ಎಕ್ಸೆಲ್ಸಿಯರ್ ಕೇಳಲು ಚೆನ್ನಾಗಿದೆ: ಮನೆಯ ವರಮಾನ 1,25,000 ಡಾಲರ್ ಒಳಗಿದ್ದರೆ ಸುನಿ (ರಾಜ್ಯದ), ಕ್ಯುನಿ (ನ್ಯೂಯಾರ್ಕ್ ನಗರದ) ಸರ್ಕಾರಿ ಕಾಲೇಜುಗಳಲ್ಲಿ ಟ್ಯೂಷನ್ ಫೀ ಇಲ್ಲ. ಆದರೆ ವರ್ಷಕ್ಕೆ 30 ಕ್ರೆಡಿಟ್ ಮುಗಿಸಲೇಬೇಕು. ಎಷ್ಟು ವರ್ಷ ದುಡ್ಡು ತಗೊಂಡಿರೋ ಅಷ್ಟು ವರ್ಷ ಓದಿನ ನಂತರ ನ್ಯೂಯಾರ್ಕಿನಲ್ಲೇ ಇರಬೇಕು, ಹೊರಗೆ ಹೋದರೆ ಅದು ಸಾಲವಾಗಿ ಬದಲಾಗುತ್ತದೆ. ನಾಳೆ ಎಲ್ಲಿರುತ್ತೇವೆ ಅನ್ನುವುದು ತಮ್ಮ ಕೈಯಲ್ಲೇ ಇಲ್ಲದ ಮಕ್ಕಳಿಗೆ ಇದು ಭಾರದ ಷರತ್ತು. ಟ್ಯಾಪ್‌ಗೆ ಈ ಷರತ್ತಿಲ್ಲ. ವರಮಾನ ಕಡಿಮೆ ಇದ್ದರೆ ಟ್ಯಾಪ್‌ನಿಂದಲೇ ಎಷ್ಟು ಫೀ ಹೋಗುತ್ತದೆ ಅಂತ ನೋಡಿ, ಆಮೇಲೆ ಎಕ್ಸೆಲ್ಸಿಯರ್ ಬೇಕಾ ಅಂತ ತೀರ್ಮಾನಿಸಿ. ಕ್ಯುನಿಯ ಕಮ್ಯುನಿಟಿ ಕಾಲೇಜಿನಲ್ಲಿ ಮನೆಯಿಂದಲೇ ಸಬ್‌ವೇ ಹಿಡಿದು ಓಡಾಡಬಹುದಾದರೆ ಹಾಸ್ಟೆಲ್ ಖರ್ಚೂ ಇಲ್ಲ.

ನ್ಯೂ ಮೆಕ್ಸಿಕೊ ಬಗ್ಗೆ ನಮ್ಮವರಲ್ಲಿ ಮಾತಾಡುವವರು ಕಡಿಮೆ. ಆದರೆ ನಿಯಮ ಎಲ್ಲಕ್ಕಿಂತ ಸರಳವಾಗಿರುವುದು ಅಲ್ಲೇ. 2022ರ ಆಪರ್ಚುನಿಟಿ ಸ್ಕಾಲರ್‌ಶಿಪ್ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಟ್ಯೂಷನ್ ಮತ್ತು ಕಡ್ಡಾಯ ಫೀ ಎರಡನ್ನೂ ತುಂಬುತ್ತದೆ. ವರಮಾನದ ಮಿತಿ ಇಲ್ಲ, ಪೇಪರ್ಸ್ ಕೇಳುವುದಿಲ್ಲ. ಸೆಮಿಸ್ಟರಿಗೆ ಕನಿಷ್ಠ 6 ಕ್ರೆಡಿಟ್ ತಗೊಂಡು 2.5 ಜಿಪಿಎ ಉಳಿಸಿಕೊಳ್ಳಬೇಕು. ಇದರಲ್ಲಿ ಪೆಲ್ ಗ್ರ್ಯಾಂಟ್ ಲೆಕ್ಕಕ್ಕೆ ಮುಂಚೆಯೇ ರಾಜ್ಯ ಫೀ ಕಟ್ಟುತ್ತದೆ, ಹಾಗಾಗಿ ನಾಗರಿಕ ಮಕ್ಕಳಿಗೆ ಪೆಲ್ ದುಡ್ಡು ಊಟ-ಬಾಡಿಗೆಗೆ ಉಳಿಯುತ್ತದೆ. ಪೇಪರ್ಸ್ ಇಲ್ಲದ ಮಕ್ಕಳಿಗೆ ಪೆಲ್ಲೇ ಇಲ್ಲವಲ್ಲ, ಫೀ ಹೋದರೂ ಬದುಕುವ ಖರ್ಚು ಪೂರ್ತಿ ಮನೆಯವರ ಮೇಲೆ. ಬೇರೆ ರಾಜ್ಯಗಳ ಯೋಜನೆ ನೋಡುವಾಗಲೂ ಇದೇ ಕಣ್ಣಿನಿಂದ ನೋಡಿ. "ಎಲ್ಲರಿಗೂ ಫ್ರೀ" ಅಂದ ಕಡೆಯೂ ಪಕ್ಕದ ಹುಡುಗನ ಕೈಯಲ್ಲಿರುವಷ್ಟು ದುಡ್ಡು ನಿಮ್ಮ ಮಗುವಿನ ಕೈಯಲ್ಲಿ ಇರುವುದಿಲ್ಲ.

ನ್ಯೂಜೆರ್ಸಿಯಲ್ಲಿ ಕನ್ನಡದ ಮನೆಗಳು ಬಹಳ. ಅಲ್ಲಿ ಮೂರು ವರ್ಷ ಹೈಸ್ಕೂಲ್ ಓದಿ ಪಾಸಾದವರಿಗೆ 2013ರಿಂದ ಇನ್-ಸ್ಟೇಟ್ ಫೀ, 2018ರಿಂದ ರಾಜ್ಯದ ನೆರವು. ವರಮಾನ 65,000 ಡಾಲರ್ ಒಳಗಿದ್ದರೆ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನ ಫೀ ಸೊನ್ನೆ, ಆಮೇಲೆ ಗಾರ್ಡನ್ ಸ್ಟೇಟ್ ಗ್ಯಾರಂಟಿ ಅಡಿಯಲ್ಲಿ ಸರ್ಕಾರಿ ಯೂನಿವರ್ಸಿಟಿಯ ಮೂರನೇ, ನಾಲ್ಕನೇ ವರ್ಷ. ಎರಡನ್ನೂ ಜೋಡಿಸಿದರೆ ಪೂರ್ತಿ ಡಿಗ್ರಿ ಆಯ್ತು. ಅಲ್ಲಿರುವವರು ಹೊರಗೆ ನೋಡುವ ಮೊದಲು ಈ ಜೋಡಣೆಯನ್ನು ಲೆಕ್ಕ ಹಾಕಿ.

ಮ್ಯಾಸಚೂಸೆಟ್ಸ್‌ನಲ್ಲಿ 2024ರಿಂದ ಕಮ್ಯುನಿಟಿ ಕಾಲೇಜು ಫ್ರೀ, ಮೂರು ವರ್ಷ ಅಲ್ಲಿ ಓದಿ ಹೈಸ್ಕೂಲ್ ಮುಗಿಸಿದ ಮಕ್ಕಳು ಮಾಸ್ಫಾ ಅನ್ನುವ ಅರ್ಜಿ ತುಂಬಬೇಕು. ವಾಷಿಂಗ್ಟನ್ನಿನಲ್ಲಿ ಅದೇ ಕೆಲಸಕ್ಕೆ ವಾಸ್ಫಾ. ಅಲ್ಲಿನ ವಾಷಿಂಗ್ಟನ್ ಕಾಲೇಜ್ ಗ್ರ್ಯಾಂಟ್ ವರಮಾನ ಕಡಿಮೆ ಇರುವವರಿಗೆ ದೊಡ್ಡ ಮೊತ್ತ ಕೊಡುತ್ತದೆ, ಕೆಲವು ಖಾಸಗಿ ಕಾಲೇಜಿನಲ್ಲೂ ನಡೆಯುತ್ತದೆ. ಒರೆಗಾನ್‌ದು ಓರ್ಸಾ. ಮಿನೆಸೋಟದ ನಾರ್ತ್ ಸ್ಟಾರ್ ಪ್ರಾಮಿಸ್ 2024ರಲ್ಲಿ ಶುರುವಾಗಿದ್ದು, ವರಮಾನ 80,000 ಡಾಲರಿಗಿಂತ ಕಡಿಮೆ ಇರಬೇಕು.

ಬಾಗಿಲು ಮುಚ್ಚಿದ ಕಡೆ

ಟೆಕ್ಸಸ್ ಈ ಮಕ್ಕಳಿಗೆ ಇನ್-ಸ್ಟೇಟ್ ಫೀ ಕೊಟ್ಟ ಮೊದಲ ರಾಜ್ಯ, 2001ರಲ್ಲಿ. ಅದೇ ಕಾನೂನು 2025ರ ಜೂನ್‌ನಲ್ಲಿ ಬಿದ್ದುಹೋಯಿತು. ಫೆಡರಲ್ ಸರ್ಕಾರ ಕೇಸ್ ಹಾಕಿತು, ರಾಜ್ಯವೇ ಒಪ್ಪಿಕೊಂಡಿತು, ಕೋರ್ಟು ಅದೇ ದಿನ ಆದೇಶ ಹೊರಡಿಸಿತು. ಓದುತ್ತಿದ್ದ ಮಕ್ಕಳ ಫೀ ಒಂದೇ ಏಟಿಗೆ ಏರಿತು. ಫ್ಲಾರಿಡಾ ತನ್ನ ರಿಯಾಯಿತಿಯನ್ನು 2025ರ ಜುಲೈ 1ರಿಂದ ತೆಗೆದುಹಾಕಿತು. ಒಕ್ಲಹೋಮಾವೂ ಟೆಕ್ಸಸ್ ದಾರಿ ಹಿಡಿಯಿತು. ಮಿನೆಸೋಟ, ಇಲಿನಾಯ್, ಕ್ಯಾಲಿಫೋರ್ನಿಯಾ ಮೇಲೂ ಅದೇ ವರ್ಷ ಕೇಸುಗಳು ಬಿದ್ದಿವೆ. ಈ ರಾಜ್ಯಗಳು ಎದುರಿಸಿ ನಿಂತಿವೆ.

ಇದರಿಂದ ಹೆದರಿ ಓದನ್ನೇ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆದರೆ ಆಯ್ಕೆ ಮಾಡುವಾಗ, ಇನ್-ಸ್ಟೇಟ್ ಫೀ ನಾಳೆ ಹೋದರೂ ಕಟ್ಟಿ ಮುಗಿಸಬಹುದಾದ ಕಾಲೇಜು ಯಾವುದು ಅಂತ ಒಮ್ಮೆ ಲೆಕ್ಕ ಹಾಕಿಡಿ. ಕ್ರೆಡಿಟ್‌ಗಳನ್ನು ಬೇಗ ಮುಗಿಸುವುದೂ ಒಂದು ರಕ್ಷಣೆಯೇ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಕೈಗೆ ಬಂದರೆ ಅದನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ.

ದಕ್ಷಿಣದ ಕೆಲವು ಕಡೆ ಫೀ ಮಾತಿಗಿಂತ ಮುಂಚೆ ಪ್ರವೇಶದ್ದೇ ತೊಂದರೆ. ಸೌತ್ ಕ್ಯಾರೊಲೈನಾ, ಅಲಬಾಮಾ ರಾಜ್ಯಗಳ ಸರ್ಕಾರಿ ಕಾಲೇಜುಗಳು ಪೇಪರ್ಸ್ ಇಲ್ಲದವರನ್ನು ಸೇರಿಸುವುದಿಲ್ಲ. ಜಾರ್ಜಿಯಾದಲ್ಲಿ ಹೆಚ್ಚು ಪೈಪೋಟಿ ಇರುವ ದೊಡ್ಡ ಯೂನಿವರ್ಸಿಟಿಗಳಿಂದ ಇವರನ್ನು ಹೊರಗಿಡುವ ನಿಯಮ 2010ರಲ್ಲಿ ಬಂತು. ಅದಕ್ಕೆ ಉತ್ತರವಾಗಿ ಅಲ್ಲಿನ ಪ್ರೊಫೆಸರುಗಳು 2011ರಲ್ಲಿ ಫ್ರೀಡಮ್ ಯೂನಿವರ್ಸಿಟಿ ಶುರು ಮಾಡಿದರು. ಅದು ಡಿಗ್ರಿ ಕೊಡುವುದಿಲ್ಲ. ಉಚಿತವಾಗಿ ಪಾಠ ಮಾಡುತ್ತದೆ, ಬೇರೆ ರಾಜ್ಯದ ಕಾಲೇಜುಗಳಿಗೆ ಅರ್ಜಿ ಹಾಕಲು ಕೈಹಿಡಿದು ನಡೆಸುತ್ತದೆ. ಅಟ್ಲಾಂಟಾ ಸುತ್ತ ಇರುವವರು ಮೊದಲು ಅಲ್ಲಿಗೆ ಹೋಗಿ.

ಇಂಥ ರಾಜ್ಯಗಳ ಮಕ್ಕಳಿಗಾಗಿಯೇ ದಿ ಡ್ರೀಮ್ ಡಾಟ್ ಯುಎಸ್ ಸಂಸ್ಥೆಯ ಆಪರ್ಚುನಿಟಿ ಸ್ಕಾಲರ್‌ಶಿಪ್ ಇದೆ. ಅವರು ಒಪ್ಪಂದ ಮಾಡಿಕೊಂಡ ಬೇರೆ ರಾಜ್ಯದ ಕಾಲೇಜಿಗೆ ಹೋದರೆ ಫೀ, ವಸತಿ, ಊಟ ಸೇರಿ 1,00,000 ಡಾಲರ್ ತನಕ ಕೊಡುತ್ತಾರೆ. ಯಾವ ತಾರೀಖಿನ ಮೊದಲು, ಯಾವ ವಯಸ್ಸಿನ ಒಳಗೆ ಅಮೆರಿಕಕ್ಕೆ ಬಂದಿರಬೇಕು ಅನ್ನುವ ಷರತ್ತುಗಳಿವೆ, ಅದನ್ನು ಮೊದಲು ಓದಿ.

ದೊಡ್ಡ ಹೆಸರಿನ ಖಾಸಗಿ ಕಾಲೇಜುಗಳು

ಕಾಗದದ ಮೇಲೆ ವರ್ಷಕ್ಕೆ 80-90 ಸಾವಿರ ಡಾಲರ್ ಅಂತ ನೋಡಿ ಹೆದರುತ್ತೇವೆ. ಆದರೆ ಓದಿನಲ್ಲಿ ತೀರಾ ಮುಂದಿರುವ, ವರಮಾನ ಕಡಿಮೆ ಇರುವ ಮನೆಯ ಮಗುವಿಗೆ ಎಲ್ಲಕ್ಕಿಂತ ಅಗ್ಗವಾಗುವುದು ಇವೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆ್ಯಮ್‌ಹರ್ಸ್ಟ್, ಬೋಡನ್ ಕಾಲೇಜುಗಳು ಯಾವ ದೇಶದವರೇ ಆಗಲಿ, ದುಡ್ಡಿದೆಯಾ ಅಂತ ನೋಡದೆ ಆಯ್ಕೆ ಮಾಡಿ, ಆಮೇಲೆ ಎಷ್ಟು ಬೇಕೋ ಅಷ್ಟು ನೆರವು ಕೊಡುತ್ತವೆ. 2025ರಿಂದ ಹಾರ್ವರ್ಡ್ ಮತ್ತು ಎಂಐಟಿಯಲ್ಲಿ ಸಾಮಾನ್ಯವಾಗಿ 2,00,000 ಡಾಲರ್ ಒಳಗಿನ ವರಮಾನದ ಮನೆಯವರಿಗೆ ಟ್ಯೂಷನ್ ಫೀ ಇಲ್ಲ, 1,00,000 ಒಳಗಿದ್ದರೆ ವಸತಿ-ಊಟವೂ ಅವರದ್ದೇ. ಇದು ಕಾಲೇಜಿನ ಸ್ವಂತ ದುಡ್ಡು. ಇನ್-ಸ್ಟೇಟ್ ಫೀ ಕೇಸುಗಳು ಇದನ್ನು ಮುಟ್ಟುವುದಿಲ್ಲ.

ಉಳಿದ ಖಾಸಗಿ ಕಾಲೇಜುಗಳಲ್ಲಿ ನೋಡಬೇಕಾದದ್ದು ಒಂದೇ ಒಂದು: ಅಮೆರಿಕದ ಹೈಸ್ಕೂಲ್ ಮುಗಿಸಿದ ಪೇಪರ್ಸ್ ಇಲ್ಲದ ಮಗುವನ್ನು ಅವರು ದೇಶದ ವಿದ್ಯಾರ್ಥಿ ಅಂತ ನೋಡುತ್ತಾರಾ, ವಿದೇಶಿ ಅಂತ ನೋಡುತ್ತಾರಾ? ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜು ದೇಶದ ವಿದ್ಯಾರ್ಥಿಯಂತೆಯೇ ನೋಡುತ್ತದೆ. ವಿದೇಶಿ ಅಂತ ನೋಡುವ ಕಡೆ ನೆರವಿನ ದುಡ್ಡು ಕಡಿಮೆ, ಪೈಪೋಟಿ ಜಾಸ್ತಿ, ನೆರವು ಕೇಳಿದ್ದೇ ಆಯ್ಕೆಗೆ ಅಡ್ಡಿಯಾಗಬಹುದು. ಸೀಟು ಸಿಕ್ಕ ಮೇಲೆ ನೆರವಿನ ಪತ್ರ ಬಂದಾಗ ಸಾಲು ಸಾಲಾಗಿ ಓದಿ. ಅದರಲ್ಲಿ "ವರ್ಕ್-ಸ್ಟಡಿ" ಅಥವಾ "ಲೋನ್" ಅಂತ ಒಂದು ಮೊತ್ತ ಬರೆದಿದ್ದರೆ ಫೋನ್ ಮಾಡಿ. ಎರಡೂ ನಿಮ್ಮ ಮಗುವಿಗೆ ಸಿಗುವಂಥದ್ದಲ್ಲ. ಅದನ್ನು ಗ್ರ್ಯಾಂಟಿಗೆ ಬದಲಾಯಿಸಿ ಅಂತ ಕೇಳಬೇಕು, ಕೇಳಿದರೆ ಬದಲಾಯಿಸುವ ಕಾಲೇಜುಗಳಿವೆ. ಕೇಳದಿದ್ದರೆ ವರ್ಷಕ್ಕೆ ಎರಡು ಮೂರು ಸಾವಿರ ಡಾಲರಿನ ಗುಂಡಿ ಹಾಗೇ ಉಳಿಯುತ್ತದೆ.

ನನ್ನನ್ನು ಕೇಳಿದರೆ, ಓದಿನಲ್ಲಿ ತುಂಬಾ ಮುಂದಿರುವ ಮಗು ಇಂಥ ನಾಲ್ಕೈದು ಕಾಲೇಜಿಗೆ ಅರ್ಜಿ ಹಾಕಲೇಬೇಕು. ಜೊತೆಗೆ ತನ್ನ ರಾಜ್ಯದ ಕಮ್ಯುನಿಟಿ ಕಾಲೇಜನ್ನೂ ಭದ್ರವಾಗಿ ಇಟ್ಟುಕೊಳ್ಳಬೇಕು. ಸಾಧಾರಣ ಅಂಕದ ಮಗುವಿಗೆ ಮನೆಯಲ್ಲೇ ಇದ್ದು ಕಮ್ಯುನಿಟಿ ಕಾಲೇಜಿನಿಂದ ಟ್ರಾನ್ಸ್‌ಫರ್ ಆಗುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಬಾಡಿಗೆ ಉಳಿಯುತ್ತದೆ, ಮನೆಯವರು ಹತ್ತಿರ ಇರುತ್ತಾರೆ. ಇವತ್ತಿನ ಭಯದ ವಾತಾವರಣದಲ್ಲಿ ಅದು ಸಣ್ಣ ವಿಷಯ ಅಲ್ಲ.

ಎಚ್-4 ಮಕ್ಕಳ ಕಥೆ ಬೇರೆ

ಕನ್ನಡದ ಮನೆಗಳಲ್ಲಿ ಜಾಸ್ತಿ ಕಾಣುವುದು ಈ ಮಕ್ಕಳು. ಅಪ್ಪ ಅಥವಾ ಅಮ್ಮನದ್ದು ಎಚ್-1ಬಿ ಕೆಲಸದ ವೀಸಾ, ಮಗುವಿನದ್ದು ಅದರ ಮೇಲೆ ಸಿಗುವ ಎಚ್-4, ಮಗು ಮೂರನೇ ವಯಸ್ಸಿಗೆ ಬಂದದ್ದು, ಗ್ರೀನ್ ಕಾರ್ಡ್ ಸಾಲು ಕರಗುವುದೇ ಇಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಡಾಕಾ ಇವರಿಗೆ ಸಿಗಲಿಲ್ಲ, ಯಾಕೆಂದರೆ 2012ರಲ್ಲಿ ಇವರಿಗೆ ವೀಸಾ ಇತ್ತು! ಅಪ್ಪನ ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ, ಅದರೊಳಗೆ ಬೇರೆ ದಾರಿ ಆಗದಿದ್ದರೆ ಇವರೂ ಪೇಪರ್ಸ್ ಇಲ್ಲದವರ ಸಾಲಿಗೆ ಬಂದುಬಿಡುತ್ತಾರೆ. ಗ್ರೀನ್ ಕಾರ್ಡಿಗೆ ಮಕ್ಕಳ ವಯಸ್ಸು ಲೆಕ್ಕ ಹಾಕುವ ನಿಯಮವನ್ನೂ 2025ರ ಆಗಸ್ಟ್ 15ರಿಂದ ಬಿಗಿ ಮಾಡಿದ್ದಾರೆ. ನಿಮ್ಮ ಮಗುವಿನ ವಯಸ್ಸಿನ ಲೆಕ್ಕವನ್ನು ವಕೀಲರ ಹತ್ತಿರ ಮತ್ತೊಮ್ಮೆ ಹಾಕಿಸಿ.

ಎಚ್-4 ಇರುವ ತನಕ ಕ್ಯಾಲಿಫೋರ್ನಿಯಾ, ಟೆಕ್ಸಸ್ ತರಹದ ರಾಜ್ಯಗಳಲ್ಲಿ ರೆಸಿಡೆಂಟ್ ಅಂತ ಇನ್-ಸ್ಟೇಟ್ ಫೀ ಸಿಗಬಹುದು. 21ಕ್ಕೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದರೆ ಅದು ಹೋಗಿ ಹೊರಗಿನವರ ಫೀ ಬೀಳುವ ಅಪಾಯ ಇದೆ. ಅದು ಸಾಮಾನ್ಯವಾಗಿ ಮೂರನೇ ವರ್ಷದ ಹೊತ್ತಿಗೆ ಬರುತ್ತದೆ. ಹಾಗಾಗಿ ಇವರು ಕಾಲೇಜುಗಳನ್ನು ಹೋಲಿಸುವಾಗ ಮೊದಲ ವರ್ಷದ ಫೀ ನೋಡಬಾರದು. ಮೂರನೇ ವರ್ಷದಲ್ಲಿ ವೀಸಾ ಬದಲಾದರೆ ಎಷ್ಟು ಕಟ್ಟಬೇಕು ಅಂತ ರೆಸಿಡೆನ್ಸಿ ಆಫೀಸಿನಿಂದ ಬರಹದಲ್ಲಿ ಉತ್ತರ ತಗೊಳ್ಳಿ. ಹೈಸ್ಕೂಲಿನಲ್ಲೇ ಗಳಿಸಿದ ಎಪಿ, ಡ್ಯುಯಲ್ ಎನ್‌ರೋಲ್‌ಮೆಂಟ್ ಕ್ರೆಡಿಟ್‌ಗಳನ್ನು ಪೂರ್ತಿ ಒಪ್ಪಿಕೊಂಡು ಮೂರು ವರ್ಷಕ್ಕೇ ಡಿಗ್ರಿ ಮುಗಿಸಲು ಬಿಡುವ ಕಾಲೇಜು ಇವರಿಗೆ ಹೆಚ್ಚು ಬೆಲೆಯದ್ದು.

"ಸುಮ್ನೆ ಊರಿಗೆ ಕಳಿಸಿಬಿಡೋಣ" ಅನ್ನುವ ಮಾತು

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದಿಸಿದರೆ ಆಯ್ತು ಅನ್ನುವ ಯೋಚನೆ ಸಹಜ. ವೀಸಾ ಸರಿಯಾಗಿರುವ ಎಚ್-4 ಮಕ್ಕಳಿಗೆ ಅದು ನಿಜವಾದ ಆಯ್ಕೆಯೇ. ಆದರೆ ಸಿಇಟಿಯ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದ್ದೀರಿ ಅಂತ ಕೇಳುತ್ತಾರೆ, ಅಮೆರಿಕದಲ್ಲಿ ಬೆಳೆದ ಮಕ್ಕಳು ಎನ್ಆರ್‌ಐ ಕೋಟಾದ ಫೀ ಕಟ್ಟಬೇಕಾಗುವುದೇ ಜಾಸ್ತಿ. ಅದನ್ನು ಕಮ್ಯುನಿಟಿ ಕಾಲೇಜಿನ ಖರ್ಚಿನ ಪಕ್ಕ ಇಟ್ಟು ನೋಡಿ.

ಪೇಪರ್ಸ್ ಇಲ್ಲದ ಮಗು ದೇಶ ಬಿಟ್ಟರೆ ಪರಿಣಾಮ ಗಂಭೀರ. 18 ತುಂಬುವ ತನಕದ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 18ರ ನಂತರ 180 ದಿನ ದಾಟಿ ಹೊರಗೆ ಹೋದರೆ 3 ವರ್ಷ, ಒಂದು ವರ್ಷ ಆಗಿಹೋಗಿದ್ದರೆ 10 ವರ್ಷ ವಾಪಸ್ ಬರುವಂತಿಲ್ಲ. ತಂದೆ-ತಾಯಿ, ತಂಗಿ ಎಲ್ಲ ಅಲ್ಲೇ ಇರುವ ಮಗುವಿಗೆ ಹತ್ತು ವರ್ಷ! ಆದ್ದರಿಂದ ಊರಿಗೆ ಕಳಿಸುವುದೇ ಆದರೆ ಆ ತೀರ್ಮಾನ 17ನೇ ವಯಸ್ಸಿನಲ್ಲಿ ಆಗಬೇಕು, ಇಮಿಗ್ರೇಶನ್ ವಕೀಲರನ್ನು ಕೇಳಿಯೇ ಆಗಬೇಕು. ಟಿಕೆಟ್ ತಗೊಂಡ ಮೇಲೆ ಕೇಳುವುದಲ್ಲ.

ಕೋರ್ಸ್ ಆರಿಸುವಾಗ, ಫೋನ್ ಮಾಡುವಾಗ

ನರ್ಸಿಂಗ್, ಟೀಚಿಂಗ್, ಫಾರ್ಮಸಿ ತರಹದ ಓದಿಗೆ ಕೊನೆಯಲ್ಲಿ ರಾಜ್ಯದ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾ 2014ರ ಕಾನೂನಿನಿಂದ, ನ್ಯೂಜೆರ್ಸಿ 2020ರ ಕಾನೂನಿನಿಂದ ವಲಸೆ ಸ್ಥಿತಿ ನೋಡದೆ ವೃತ್ತಿಯ ಲೈಸೆನ್ಸ್ ಕೊಡುತ್ತವೆ. ಎಲ್ಲ ಕಡೆ ಹಾಗಿಲ್ಲ. ಲೈಸೆನ್ಸ್ ಸಿಕ್ಕಿತು ಅಂದರೆ ವರ್ಕ್ ಪರ್ಮಿಟ್ ಸಿಕ್ಕಿತು ಅಂತಲೂ ಅಲ್ಲ. ಆಸ್ಪತ್ರೆಯ ತರಬೇತಿಗೆ ಹಿನ್ನೆಲೆ ತಪಾಸಣೆ, ಸೋಶಿಯಲ್ ನಂಬರ್ ಕೇಳುವ ಕೋರ್ಸುಗಳಿವೆ. ಇದನ್ನು ಸೇರುವ ಮೊದಲೇ ಡಿಪಾರ್ಟ್‌ಮೆಂಟಿನಲ್ಲಿ ಕೇಳಿ, ಎರಡನೇ ವರ್ಷದಲ್ಲಿ ಗೊತ್ತಾದರೆ ಬಹಳ ನೋವಾಗುತ್ತದೆ.

ರಾಜ್ಯದ ನೆರವಿನ ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ತೆರೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವರ್ಷದ ಕಾಲೇಜಿನ ನೆರವಿಗೆ ವಾಡಿಕೆಯ ಗಡುವು ಮಾರ್ಚ್ 2. 11ನೇ ಕ್ಲಾಸಿನ ಬೇಸಿಗೆ ರಜೆಯಲ್ಲೇ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್, ತೆರಿಗೆ ಕಾಗದ, ಐಟಿನ್ (ತೆರಿಗೆಯವರು ಕೊಡುವ) ನಂಬರ್ ಇದ್ದರೆ ಅದು, ಎಲ್ಲ ಒಂದು ಫೈಲಿಗೆ ಹಾಕಿಡಿ. ವಿದ್ಯಾರ್ಥಿಯ ದಾಖಲೆಗಳನ್ನು ಕಾಲೇಜು ಸುಮ್ಮನೆ ಯಾರಿಗೂ ಕೊಡದಂತೆ 1974ರ ಫರ್ಪಾ ಕಾನೂನು ಕಾಯುತ್ತದೆ, ಕೋರ್ಟ್ ಆದೇಶ ತಂದರೆ ಮಾತ್ರ ಮಾತು ಬೇರೆ. ಹಾಗಾಗಿ ಕೇಳದೇ ಇರುವ ವಿವರ ನೀವಾಗಿ ಬರೆದುಕೊಡಬೇಡಿ. ಮೊದಲ ಸಲ ಕಾಲೇಜಿಗೆ ಫೋನ್ ಮಾಡುವಾಗ ಮಗುವಿನ ಹೆಸರನ್ನೂ ಹೇಳಬೇಕಾಗಿಲ್ಲ. "ನನ್ನ ಪರಿಚಯದ ವಿದ್ಯಾರ್ಥಿಯೊಬ್ಬರಿಗಾಗಿ ಕೇಳುತ್ತಿದ್ದೇನೆ" ಅಂದರೆ ಸಾಕು, ಡ್ರೀಮರ್ ಸೆಂಟರಿನವರು ಅಲ್ಲಿಂದ ಮುಂದಕ್ಕೆ ತಾವೇ ವಿವರಿಸುತ್ತಾರೆ.